ಬಲಮಡಿಕೆ

ಬೂದುಬಣ್ಣದ ಅಂಗಿಯ ಅಗಲ ತೋಳಿನೊಳಗೆ ದೇವಕ್ಕ ಗಂಡನ ಕೈ ತೂರಿಸುತ್ತಿದ್ದಳು. ಕುರ್ಲಾದ ಚಾಳಿನ ಖೋಲಿಯಲ್ಲಿ ಚಂದ್ರಾಮ ಟೇಲರನ ಹೆಣವನ್ನು ಮಣ್ಣಿಗೆ ಒಯ್ಯಲು ತಮ್ಮ ಪದ್ಧತಿಯಂತೆ ಗೋಡೆಗಾನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ.

“ವೈನಿ, ಬಿಳಿ ಧೋತರ ತಂದೀನಲ್ಲ. ಈ ಜಪಾನ್ ವೇಷ ಯಾಕ? ಮಂದಿ ನಗ್ತಾರ,” ಎಂದ ಮೈದುನ ಗುರುಪಾದ.

“ಐತವಾರಕ್ಕೊಮ್ಮೆ ಹಾಕ್ಕೊಂಡು ಚಾಳಿನ ಗ್ಯಾಲರಿಯಾಗ ಕೂತಾಗ ನಗಲಿಲ್ಲೇನು? ಮಣ್ಣಿಗೂ ಇದರಾಗ ಕಳಸು ಅಂದಾರ ನಿಮ್ಮಣ್ಣ.”

ಗುಂಡಿಯಿಲ್ಲದ ಅಂಗಿಯ ಬಲಮಡಿಕೆಯನ್ನು ಎಡದ ಮೇಲೆಳೆದು ನಡುಪಟ್ಟಿ ಬಿಗಿದಳು.

*

ಮೂವತ್ತೆಂಟು ವರ್ಷದ ಹಿಂದೆ ಗ್ರಾಂಟ್ ರೋಡಿನ ಸಿನಿಮಾ ಕ್ಲಬ್ಬೊಂದರ ಹರಿದ ಪರದೆ ಹೊಲಿಯಲು ಹೋದ ಚಂದ್ರಾಮ, ಕೆಲಸ ಮುಗಿಸಿ ಹಿಂದಿನ ಕುರ್ಚಿಯಲ್ಲಿ ಕೂತ. ಕಪ್ಪುಬಿಳುಪಿನ ಜಪಾನಿ ಸಿನಿಮಾ. ಒಂದು ರೀಲು ಸದ್ದೇ ಇಲ್ಲದೆ ಓಡಿತು. ಕಾಗದದ ಬಾಗಿಲ ಮುಂದೆ ಉದ್ದಂಗಿಯವನೊಬ್ಬ ಸುಮ್ಮನೆ ಕೂತಿದ್ದ. ಅರ್ಧ ಮುಖ ಬೆಳಕು, ಅರ್ಧ ಕತ್ತಲು. ಚಂದ್ರಾಮ ಮನೆಗೆ ಬಂದವನೇ ಅಂಥದೇ ಅಂಗಿ ಹೊಲಿಯಲು ಮಷೀನಿಗೆ ಕೂತ.

“ಹೆಂಗಸರ ಜಂಪರಿನಂಗ ಬಲಗಡಿದು ಮ್ಯಾಲ ಬಂದೈತಲ್ರಿ,” ದೇವಕ್ಕ ನಕ್ಕಿದ್ದಳು.

“ಕಣ್ಣಾರೆ ನೋಡೀನಿ. ಅಲ್ಲೆ ಹಂಗ.”

“ಬಣ್ಣ?”

“ಬೂದಿ. ನಾ ಕಂಡದ್ದು ಅಷ್ಟ.”

*

ಆ ಕ್ಲಬ್ಬಿನಲ್ಲಿ ಸಿನಿಮಾ ಓಡಿಸುತ್ತಿದ್ದ ಮಂಗಳೂರಿನ ಶೇಖರ ಕೋಲೂರುತ್ತ ಬಂದ. ಹೆಣದ ಎದೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

“ದೇವಕ್ಕ, ಒಂದು ಮಾತುಂಟು. ಆ ದಿನ ನಾನು ರೀಲು ಮಗುಚಿ ಹಾಕಿದ್ದೆ. ಚಿತ್ರ ಕನ್ನಡಿಯೊಳಗಿನ ಹಾಗೆ ಎಡಬಲ ಅದಲುಬದಲಾಗಿ ಬಂತು; ಸದ್ದೂ ಹೋಯಿತು. ಜಪಾನಿನಲ್ಲಿ ಬದುಕಿರುವವರು ಎಡಮಡಿಕೆ ಮೇಲೆ ಹಾಕುವುದು. ಬಲಮಡಿಕೆ ಮೇಲೆ ಬರುವುದು ಹೆಣಕ್ಕೆ ಮಾತ್ರ.”

“ಇಷ್ಟು ದಿನ ಯಾಕ ಹೇಳಲಿಲ್ರಿ?”

“ಅಂಗಿ ತೋರಿಸಲಿಕ್ಕೆ ಅಷ್ಟು ಖುಷಿಯಲ್ಲಿ ಬಂದಿದ್ರು ಮಾರಾಯ್ರೆ. ಹೇಗೆ ಹೇಳುವುದು?” ಅವನು ಕಣ್ಣೊರೆಸಿಕೊಂಡ. “ಇವತ್ತು ಸರಿಯಾಗಿಯೇ ಉಂಟು. ಹಾಗೇ ಇರಲಿ.”

ಗ್ಯಾಲರಿಯಲ್ಲಿ ಅರ್ಧ ಬೆಳಕಿನಲ್ಲಿ ಅಲುಗದೆ ಕೂತಿರುತ್ತಿದ್ದ ಆ ಬೂದು ಆಕಾರ ದೇವಕ್ಕನ ಕಣ್ಣಮುಂದೆ ಬಂತು. ಅಷ್ಟೂ ಐತವಾರ ತಾನು ಚಹಾ ಕೊಟ್ಟದ್ದು ಯಾರಿಗೆ?

“ವೈನಿ, ಗಾಡಿ ಬಂತು,” ಗುರುಪಾದ ಕೂಗಿದ.

“ನಿಂದರಸು.”

ಗಂಡನ ಎದುರು ಕೂತು ನಡುಪಟ್ಟಿ ಬಿಚ್ಚಿದಳು. ಎಡಮಡಿಕೆಯನ್ನು ಬಲದ ಮೇಲೆ ತಂದು, ನಿರಿಗೆ ತೀಡಿ, ಮತ್ತೆ ಕಟ್ಟಿದಳು. “ಒಂದಿನಾರ ಸರಿ ಹಾಕ್ಕೊಳ್ರಿ,” ಎಂದಳು.

ಎದ್ದು ತಿರುಗಿದಾಗ ಎದುರು ಗೋಡೆಯಲ್ಲಿ ಗಿರಾಕಿಗಳು ಅಂಗಿ ತೊಟ್ಟು ನೋಡುತ್ತಿದ್ದ ಟ್ರಯಲ್ ಕನ್ನಡಿ ಕಂಡಿತು. ಅದರೊಳಗೆ ಕೂತವನ ಎದೆಯ ಮೇಲೆ ಬಲಮಡಿಕೆಯೇ ಮೇಲಿತ್ತು.

ದೇವಕ್ಕ ಗುರುಪಾದನ ಕೈಯಿಂದ ಬಿಳಿ ಧೋತರ ಕಸಿದು ಬಿಡಿಸಿದಳು; ಕನ್ನಡಿಯ ಮೇಲೆ ಇಳಿಬಿಟ್ಟಳು. ಬಾಗಿಲ ಬಿಸಿಲಿಗೆ ಅದು ಖಾಲಿ ಪರದೆಯ ಹಾಗೆ ಬೆಳಗಿತು. ಹೊರಲು ಬಂದವರ ನೆರಳುಗಳು ಒಂದೊಂದೇ ಅದರ ಮೇಲೆ ಹಾದುಹೋದವು.