ಓಲೆಯಿಲ್ಲದಿದ್ದರೆ ಕ್ಲೇಮಿಲ್ಲ

ಹಾಸನದ ನಮ್ಮ ವಿಮಾ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ ಕ್ಲೇಮು ನೋಡಿದವನು ನಾನು. ನೋಡಿದವನು ಎಂದರೆ, ಕೊಡದೇ ಇರಲು ಕಾರಣ ಹುಡುಕಿದವನು. ಮ್ಯಾನೇಜರ್ ಪರಮಶಿವಯ್ಯನವರಿಗೆ ಗೊತ್ತಿದ್ದದ್ದೂ ಇದೊಂದೇ ವಿದ್ಯೆ. ಫೈಲಿನ ಮೂಲೆಯಲ್ಲಿ ‘ಚರ್ಚಿಸಿ’ ಎಂದು ಗೀಚುತ್ತಿದ್ದರು. ಚರ್ಚಿಸಲು ಹೋದರೆ ‘ನೀವೇ ನೋಡ್ಕೊಳ್ಳಿ’ ಎನ್ನುತ್ತಿದ್ದರು. ನೋಡಿಕೊಂಡರೆ ‘ಯಾರನ್ನ ಕೇಳಿ ಮಾಡಿದ್ರಿ?’ ಎಂದು ಮೇಲೆ ಎಗರುತ್ತಿದ್ದರು. ಇಂಥವರ ಕೈಕೆಳಗೆ ಇನ್ನೂ ಹದಿನೈದು ವರ್ಷ ಸವೆಯಬೇಕಲ್ಲ ಎಂದು ನನಗೆ ಹೇಸಿಗೆಯಾಗಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಸ್ವಯಂ ನಿವೃತ್ತಿಯ ಫಾರಂ ಬಂತು. ಸಹಿಯೊಂದನ್ನು ಬಿಟ್ಟು ಎಲ್ಲ ತುಂಬಿಸಿಟ್ಟೆ. ಅದನ್ನು ಕೊಡಲು ತಿಂಗಳ ಕೊನೆಯ ಶನಿವಾರ ಕಡೆಯ ದಿನ. ನೌಕರಿ ಬಿಟ್ಟರೆ ಲೈಸೆನ್ಸ್ ಪಡೆದು ಸ್ವತಂತ್ರ ಸರ್ವೇಯರ್ ಆಗಬಹುದು. ಹೊಳೆನರಸೀಪುರದ ತಿರುನಾರಾಯಣ ಹಾಗೆ ನಮ್ಮ ಆಫೀಸು ಬಿಟ್ಟೇ ಸರ್ವೇಯರ್ ಆದವರು. ಚನ್ನರಾಯಪಟ್ಟಣದ ಕಾಯಿ ಮಂಡಿಗೆ ಬೆಂಕಿ ಬಿದ್ದರೂ, ಹೆದ್ದಾರಿಯಲ್ಲಿ ಲಾರಿ ಮಗುಚಿದರೂ ನಷ್ಟ ಅಳೆಯಲು ಅವರೇ ಹೋಗುತ್ತಿದ್ದರು.

“ನನಗೆ ಯಾರ ಹಂಗೂ ಇಲ್ಲ ಕಣ್ರೀ ಸುದರ್ಶನ್. ಕಂಡದ್ದು ಬರೀತೀನಿ, ಸೈನ್ ಹಾಕ್ತೀನಿ, ನಡೀತೀನಿ” ಎನ್ನುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

ಆಗಲೇ ಬಸವಲಿಂಗಮ್ಮನ ಫೈಲು ಬಂದದ್ದು. ಅರಕಲಗೂಡಿನ ಕಡೆಯ ಹಳ್ಳಿಯವಳು, ಹಸು ಸತ್ತಿತ್ತು. ವಿಮೆ ಮಾಡಿದ ಹಸುವಿನ ಕಿವಿಗೆ ನಾವು ನಂಬರಿನ ಓಲೆ ಹೊಡೆಸುತ್ತೇವೆ. ಸತ್ತರೆ ಆ ಕಿವಿಯನ್ನು ಓಲೆಸಮೇತ ಕೊಯ್ದು ತಂದು ಒಪ್ಪಿಸಬೇಕು. ಈಕೆ ಹಸುವಿಗೆ ಅರಿಸಿನ ಕುಂಕುಮ ಹಚ್ಚಿ, ಕೊರಳಿಗೆ ಹೂ ಹಾಕಿ, ಕಿವಿ ಮುಟ್ಟದೆ ಹಿತ್ತಲಲ್ಲಿ ಮಣ್ಣು ಮಾಡಿಬಿಟ್ಟಿದ್ದಳು.

“ಆಲು ಕೊಟ್ಟ ತಾಯಿ ಕಣ್ ಸಾ. ಎಂಗ್ ಕುಯ್ಯನ ಅದ್ರ ಕಿವಿಯ?” ಎಂದು ಆಫೀಸಿಗೇ ಬಂದು ಕೇಳಿದಳು. ಪಶುವೈದ್ಯರ ಸರ್ಟಿಫಿಕೇಟು, ಪಂಚಾಯ್ತಿಯವರ ಸಹಿ ಎಲ್ಲ ತಂದಿದ್ದಳು.

“ಅಗೆದು ತರೋಕೆ ಹೇಳಿ” ಎಂದರು ಪರಮಶಿವಯ್ಯ, ಕಾಫಿ ಲೋಟದಿಂದ ತಲೆ ಎತ್ತದೆ.

ಹದಿನೈದು ದಿನದೊಳಗೆ ಓಲೆಸಹಿತ ಕಿವಿ ಹಾಜರುಪಡಿಸದಿದ್ದರೆ ಫೈಲು ಮುಚ್ಚಲಾಗುವುದು ಎಂದು ಕಾಗದ ಬರೆದೆ. ಸಹಿ ಹಾಕಿ ಕಳಿಸಿದೆ. ಸ್ವತಂತ್ರನಾಗಿದ್ದರೆ ಇಂಥ ಕಾಗದಕ್ಕೆ ಸಹಿ ಹಾಕುವ ಗತಿ ಬರುತ್ತಿರಲಿಲ್ಲ ಎಂದು ಆ ದಿನವೆಲ್ಲ ಉರಿದುಕೊಂಡೆ.

ತನಿಖೆಗೆ ಪರಮಶಿವಯ್ಯ ತಿರುನಾರಾಯಣರನ್ನು ನೇಮಿಸಿದರು. ಯಾರ ಹಂಗೂ ಇಲ್ಲದ ಮನುಷ್ಯ, ನ್ಯಾಯವಾಗಿ ಬರೆಯುತ್ತಾರೆ ಎಂದು, ಫಾರಂ ಕೊಡುವ ಕಡೆಯ ದಿನದ ಹಿಂದಿನ ಶುಕ್ರವಾರ, ಅವರ ಬೈಕಿನ ಹಿಂದೆ ನಾನೂ ಹತ್ತಿದೆ. ಅವಳ ಮನೆ ಇನ್ನೂ ಅಷ್ಟು ದೂರವಿರುವಾಗಲೇ ಗಾಡಿ ನಿಲ್ಲಿಸಿ ಮೊಬೈಲು ತೆಗೆದರು.

“ಸಾರ್, ಏನು ಬರೀಲಿ ಸಾರ್? ಓಲೆ ಸಿಗಲಿಲ್ಲ ಅಂತಲೇ? ಆಯ್ತು ಸಾರ್. ಆಯ್ತು ಸಾರ್.” ಪರಮಶಿವಯ್ಯನವರು ಎದುರಿಗಿರಲಿಲ್ಲ. ಆದರೂ ಈ ಮಹಾನುಭಾವರ ಸೊಂಟ ಬಗ್ಗಿತ್ತು.

“ಕಂಡದ್ದು ಬರೀತೀನಿ ಅಂತಿದ್ರಲ್ಲ?” ಎಂದೆ.

“ಅವರಿಗೆ ಬೇಡದ್ದು ಬರೆದ್ರೆ ಮುಂದಿನ ತಿಂಗಳು ನನಗೆ ಕೆಲಸ ಯಾರು ಕೊಡ್ತಾರ್ರೀ? ನಿಮಗೇನು, ಮಲಗಿದ್ರೂ ಸಂಬಳ ಬರುತ್ತೆ.”

ಥೂ, ಇವರ ಸ್ವಾತಂತ್ರ್ಯಕ್ಕಿಷ್ಟು ಬೆಂಕಿ ಹಾಕ ಎಂದುಕೊಂಡೆ. ಆದರೆ ಕಡೆಯ ಮಾತು ಚುಚ್ಚಿತು. ಇವರೇನೋ ಹೊಟ್ಟೆಪಾಡಿಗೆ ಹೆದರುತ್ತಾರೆ. ಯೂನಿಯನ್ನು, ಪಿಂಚಣಿ ಎಲ್ಲ ಬೆನ್ನಿಗಿಟ್ಟುಕೊಂಡು ನಾನು ಯಾವ ಕರ್ಮಕ್ಕೆ ಹೆದರಿದೆ? ಅಬ್ಬಬ್ಬಾ ಅಂದರೆ ಮಡಿಕೇರಿಗೆ ವರ್ಗ ಮಾಡುತ್ತಿದ್ದರು. ಇವರಿಬ್ಬರಿಗಿಂತ ಹೇಸಿಗೆಯವನು ನಾನೇ ಅನಿಸಿತು.

ಬಸವಲಿಂಗಮ್ಮ ಜಗಲಿಯ ಮೇಲೆ ಕಾಯುತ್ತಿದ್ದಳು. ಪಕ್ಕದಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಏನೋ ಒಂದು, ಮೇಲೆ ಪ್ಲಾಸ್ಟಿಕ್ ಕವರು. ವಾಸನೆಗೇ ಗೊತ್ತಾಯಿತು.

“ನಿಮ್ ಕಾಗ್ದ ಬಂತು ಸಾ. ಅಗಿಯಾಕೆ ಊರೋರ್ ಯಾರೂ ಬರ್ನಿಲ್ಲ. ನಾನೇ ಅಗ್ದೆ” ಎಂದಳು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು.

ತಿರುನಾರಾಯಣ ಮೂಗಿಗೆ ಕರ್ಚೀಫು ಒತ್ತಿಕೊಂಡರು. “ಸದ್ಯ! ಇನ್ನು ರಿಪೋರ್ಟು ಸಲೀಸು. ಗಟ್ಟಿಯಾಗಿ ಕಟ್ಟಿಕೊಡಮ್ಮ, ಮ್ಯಾನೇಜರಿಗೆ ತೋರಿಸಬೇಕು.”

ಆಕೆ ಅವರತ್ತ ನೋಡಲೇ ಇಲ್ಲ. “ಇದ್ನ ತಿರ್ಗಾ ಮಣ್ಗಾಕಂಗಿಲ್ವಾ ಸಾ?” ಎಂದು ನನ್ನನ್ನು ಕೇಳಿದಳು.

“ಹಾಕ್ಬಿಡಿ ಅಮ್ಮ. ಡಾಕ್ಟರ ಸರ್ಟಿಫಿಕೇಟಿದೆ, ಪಂಚಾಯ್ತಿಯವರ ಸಹಿಯಿದೆ. ಕ್ಲೇಮು ಕೊಡಬೇಕು ಅಂತ ನಾನು ಬರೀತೀನಿ. ಅಷ್ಟು ಸಾಕು.” ಅಲ್ಲೇ ಜಗಲಿಯ ಮೇಲೆ ಕೂತು ಬರೆದೆ, ಸಹಿ ಹಾಕಿದೆ.

“ಪರಮಶಿವಯ್ಯ ಸಿಗಿದುಹಾಕ್ತಾರೆ ನಿಮ್ಮನ್ನ” ಎಂದರು ತಿರುನಾರಾಯಣ.

“ಸಿಗೀಲಿ. ಸಂಬಳವಂತೂ ಬರುತ್ತಲ್ಲ” ಎಂದೆ. ನಿವೃತ್ತಿಯ ಫಾರಂಗೆ ಸಹಿ ಹಾಕುವುದಿಲ್ಲವೆಂದು ಆಗಲೇ ತೀರ್ಮಾನವಾಗಿಹೋಯಿತು. ಸುಳ್ಳೇಕೆ, ಒಳಗೊಳಗೇ ಕೊಂಚ ಬೀಗಿದೆ ಕೂಡ.

ಬಸವಲಿಂಗಮ್ಮ ನಾನು ಬರೆದ ಹಾಳೆಯನ್ನು, ಆಮೇಲೆ ನನ್ನ ಮುಖವನ್ನು ನೋಡಿದಳು.

“ಅಷ್ಟೇ ಸಾಕಾಗಿತ್ತಾ?” ಎಂದಳು. “ಆ ಕಾಗ್ದದಲ್ಲೇ ಅಂಗಂತ ಬರ್ದಿದ್ರೆ ನಾನ್ ಅಗೀತಿರ್ನಿಲ್ವಲ್ಲಾ ಸಾ.”