ಬಾಗಿಲಲ್ಲಿ ಹೇಳಿದ ಸುಳ್ಳು

ಬೆಳಗ್ಗೆ ಉದ್ದೀಪನ ಮದ್ದಿನ ಪರೀಕ್ಷೆಯವರು ಬಾಗಿಲು ತಟ್ಟಿದಾಗ ತಬರ್ನೊ ಅದನ್ನು ಅರ್ಧವಷ್ಟೇ ತೆರೆದಳು. ಓಟಗಾರ ಮಗ ಕಿಪ್ರುಗುಟ್ ಒಳಗೆ ಮಲಗಿದ್ದ. ನಿನ್ನೆಯಷ್ಟೇ ಅವನ ಮಂಚದಡಿ ಸಿರಿಂಜು ಸಿಕ್ಕಿತ್ತು. ಓಟಗಾರರ ಊರಾದ ಇಟೆನ್‌ನಲ್ಲಿ ಅಂಥವರ ಮನೆಯ ಸಿರಿಂಜಿಗೆ ಯಾರೂ ಬೇರೆ ಅರ್ಥ ಹುಡುಕುವುದಿಲ್ಲ.

"ಅವ್ನು ಎಲ್ಡೊರೆಟ್ ಪೇಟೆಗೆ ಹೋಗಿದಾನಪ್ಪ," ಎಂದು ಸಾಗಹಾಕಿದಳು.

ಎದ್ದ ಮಗ ವಿಷಯ ಕೇಳಿ ಬೀದಿಗೆ ಓಡಿದ; ಅವರು ಹೊರಟುಹೋಗಿದ್ದರು. ಹಿಂದೆ ಎರಡು ಸಲ ಅವರು ಬಂದಾಗ ಅವನು ಬೆಟ್ಟದಲ್ಲಿ ಓಡುತ್ತಿದ್ದ. ಮೂರನೆಯ ಸಲವೂ ಸಿಗದಿದ್ದರೆ ಮದ್ದು ತೆಗೆದುಕೊಂಡವರಂತೆಯೇ ನಿಷೇಧ.

"ಯಾಕಮ್ಮ ಹಾಗಂದೆ?"

ತಬರ್ನೊ ಬಚ್ಚಿಟ್ಟಿದ್ದ ಸಿರಿಂಜನ್ನು ತಂದು ತೋರಿಸಿದಳು. "ನಿನ್ನ ಉಳಿಸ್ಕೊಳ್ಳೋಣ ಅಂತ ಕಣೋ."

ಅವನು ಅದನ್ನು ಕೈಗೆತ್ತಿಕೊಂಡ. "ಕರುವಿಗೆ ಔಷಧಿ ಚುಚ್ಚಿದ್ದಮ್ಮ ಅದು."

ನಿನ್ನೆಯವರೆಗೂ ಮಲಗಿದಲ್ಲೇ ಇದ್ದ ಕರು ಹಿತ್ತಿಲಲ್ಲಿ ಎದ್ದು ನಿಂತು, ತಾಯಿಯ ಕೆಚ್ಚಲನ್ನು ಗುದ್ದಿ ಗುದ್ದಿ ಹಾಲು ಕುಡಿಯುತ್ತಿತ್ತು.