ಟ್ಯಾಂಕಿನ ತಿರುಪು

"ಹಗ್ಗ ಎಳೆಯೋಕೂ ಒಂದು ಯೋಗ್ಯತೆ ಬೇಕು. ಸರಿ ಆ ಕಡೆ," ಎಂದು ಮೆಕ್ಯಾನಿಕ್ ತನ್ನ ತಂಗಿಯ ಗಂಡನನ್ನು ಮೊಣಕೈಯಿಂದ ತಳ್ಳಿ ದೋಣಿಯ ಹಿಂಬದಿಗೆ ಬಂದ. ಒಂದೇ ಎಳೆತಕ್ಕೆ ಮೋಟಾರು ಗುರ್ರೆಂದಿತು. ದಡದಲ್ಲಿ ನಿಂತಿದ್ದ ತಂಗಿಯ ಮುಖ ಅರಳಿತು. "ನೋಡ್ಕೋ, ಇದಕ್ಕೆ ಕೆಲಸ ಅಂತಾರೆ," ಎಂದು ಅವನು ಕೈಯೊರೆಸಿಕೊಂಡು ಮೋಟಾರು ನಿಲ್ಲಿಸಿದ.

ನಾಲ್ಕು ದಿನದಿಂದ ಹತ್ತು ಸಲ ಹಗ್ಗ ಜಗ್ಗಿದರೂ ಕೆಮ್ಮಿ ಸುಮ್ಮನಾಗುತ್ತಿದ್ದ ಮೋಟಾರು ಅದು. ಹನ್ನೊಂದಕ್ಕೆ ಶಿಕ್ಷಣ ಇಲಾಖೆಯ ಅಧಿಕಾರಿ ಬರುವವರಿದ್ದರು. ಅವರೆದುರು ದೋಣಿ ಆಚೆ ದಡ ಮುಟ್ಟಿ ಬಂದರೆ, ಅಲ್ಲಿನ ಶಾಲೆಯ ಮೇಷ್ಟ್ರುಗಳನ್ನು ದಿನವೂ ದಾಟಿಸುವ ಕೆಲಸ ತಂಗಿಯ ಗಂಡನಿಗೆ, ಇಲ್ಲದಿದ್ದರೆ ಇಲ್ಲ. ಮೊದಲು ಫೋಟೊ ಸ್ಟುಡಿಯೋ, ಆಮೇಲೆ ಕೋಳಿ ಫಾರಂ, ಎರಡಕ್ಕೂ ಬೀಗ ಹಾಕಿಸಿಕೊಂಡ ಮನುಷ್ಯನಿಗೆ ಉಳಿದಿದ್ದದ್ದು ಇದೊಂದೇ ದಾರಿ. ಅದಕ್ಕೇ ತಂಗಿ ಅಣ್ಣನಿಗೆ ಫೋನ್ ಮಾಡಿದ್ದಳು. ಅಣ್ಣನಿಗೂ ಇವನ ಮುಖಕ್ಕೆ ಇನ್ನೊಂದು ಸಲ ಉಗಿಯುವ ಅವಕಾಶ ಬೇಕಾಗಿತ್ತು.

ಬಂದವನೇ ಮಸಿ ಹಿಡಿದಿದ್ದ ಪ್ಲಗ್ ಬಿಚ್ಚಿ ಹೊಸದು ಹಾಕಿದ್ದ. ರೋಗ ಇದ್ದದ್ದೂ ಅಷ್ಟೇ. ಅಲ್ಲಿಗೆ ಸುಮ್ಮನಾಗಬಹುದಿತ್ತು, ಆದರೆ ಸುಮ್ಮನಾಗುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ದೋಣಿಯೊಳಗಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಗುಂಡಿಯಷ್ಟು ಪುಟ್ಟ ತಿರುಪೊಂದು ಸಡಿಲವಾಗಿರುವುದು ಕಣ್ಣಿಗೆ ಬಿತ್ತು. ಇಪ್ಪತ್ತೆರಡು ವರ್ಷ ಬೈಕ್ ರಿಪೇರಿ ಮಾಡಿದವನು. ಬೈಕಿನ ಟ್ಯಾಂಕಿಗೆ ಕೈಯಿಂದ ತೆರೆಯುವ ಇಂಥ ತಿರುಪು ಇರುವುದಿಲ್ಲ. "ಒಂದು ಮುಚ್ಚಳ ಬಿಗಿ ಮಾಡೋಕೂ ಬರಲ್ವಾ ಇವನಿಗೆ?" ಎಂದು ಇಕ್ಕಳ ಹಿಡಿದು ಅದನ್ನು ಮಿಸುಕದಂತೆ ಬಿಗಿದ.

"ಭಾವ, ಆ ತಿರುಪು..."

"ನೀನು ಬಾಯಿ ಮುಚ್ಕೊಂಡಿದ್ರೆ ಅದೇ ದೊಡ್ಡ ಉಪಕಾರ."

ತಂಗಿಯ ಗಂಡ ಟ್ಯಾಂಕಿನ ಕಡೆ ಕೈ ಚಾಚಿದ. "ರೀ, ಮುಟ್ಬೇಡಿ! ಅಣ್ಣ ಸರಿ ಮಾಡಿದಾನೆ," ಎಂದು ಹೆಂಡತಿ ದಡದಿಂದಲೇ ಗದರಿದಳು. ಅವನೂ ಅಂಥವನೇ. ಒಂದು ಸಲ ಬೈಸಿಕೊಂಡರೆ ಬಾಯಿಗೆ ಬೀಗ.

ಅಧಿಕಾರಿ ಬಂದು ದೋಣಿ ಹತ್ತಿದರು. ಮೆಕ್ಯಾನಿಕ್ಕೂ ಹತ್ತಿ, ತನ್ನದೇ ದೋಣಿ ಎನ್ನುವಂತೆ ಟ್ಯಾಂಕಿನ ಮೇಲೆ ಕಾಲಿಟ್ಟು ಕೂತ. ದೋಣಿ ಹೊರಟಿತು. ನಡುನೀರು ಇನ್ನೂ ದೂರವಿತ್ತು. ಮೋಟಾರಿನ ದನಿ ಸಣ್ಣಗಾಯಿತು, ಬಿಕ್ಕಳಿಸಿತು, ನಿಂತೇಹೋಯಿತು. ತಂಗಿಯ ಗಂಡ ಹುಟ್ಟು ಹಾಕುತ್ತಾ ದಡಕ್ಕೆ ತಂದ.

"ಇನ್ನೆರಡು ದೋಣಿ ನೋಡೋದಿದೆ. ಅರ್ಧ ಗಂಟೆ ಬಿಟ್ಟು ಬರ್ತೀನಿ. ಆಗ್ಲೂ ಹೀಗೇ ಆದ್ರೆ ಬೇರೆಯವರಿಗೆ ಕೊಡ್ತೀವಿ," ಎಂದು ಅಧಿಕಾರಿ ಹೋದರು.

ತಂಗಿ ಗಂಡನ ಮೇಲೆ ಹರಿಹಾಯ್ದಳು. "ನಿಮ್ಮ ಕೈಗೆ ಏನು ಕೊಟ್ರೂ ಇಷ್ಟೇನಾ? ಅಣ್ಣ ಚಾಲೂ ಮಾಡಿ ಕೊಟ್ಟಿದ್ದನ್ನ ಓಡಿಸೋಕೂ ಆಗಲ್ವಾ?" ಅಳು ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಅಣ್ಣ ತಡೆಯಲಿಲ್ಲ. ಹೇಳುವವರು ಹೇಳಲಿ ಎನ್ನುವಂತೆ ಕಾರ್ಬೊರೇಟರ್ ಬಿಚ್ಚಿ ಹರಡಿಕೊಂಡ. ತಂಗಿಯ ಗಂಡ ಬಿಚ್ಚಿದ ಸ್ಕ್ರೂಗಳನ್ನು ಅಂಗೈಯಲ್ಲಿ ಸಾಲಾಗಿ ಹಿಡಿದು ಕೂತ.

ಕಾರ್ಬೊರೇಟರಿನಲ್ಲಿ ಕಸವೆಂಬುದು ಹೆಸರಿಗೂ ಇರಲಿಲ್ಲ. ಮತ್ತೆ ಜೋಡಿಸಿ, ಪೆಟ್ರೋಲ್ ಏರಿಸಲು ಪೈಪಿನ ನಡುವಿನ ರಬ್ಬರ್ ಪಂಪನ್ನು ಮೆಕ್ಯಾನಿಕ್ ಹಿಸುಕಿದ. ಅದು ಚಪ್ಪಟೆಯಾಗಿ ಹಾಗೇ ಉಳಿಯಿತು. ಇನ್ನೊಮ್ಮೆ ಹಿಸುಕಿದ. ಉಬ್ಬಲೇ ಇಲ್ಲ. ಆ ತಿರುಪು ಬಿಗಿದು, ಟ್ಯಾಂಕಿನೊಳಗೆ ಗಾಳಿಯೇ ಹೋಗದೆ ಪೆಟ್ರೋಲ್ ಹೊರಗೆ ಬರುವುದಾದರೂ ಹೇಗೆ? ಅವನ ಕಿವಿಯ ತುದಿ ಬಿಸಿಯಾಯಿತು. ಒಂದು ಮಾತು ಸಾಕಿತ್ತು, ನಾನೇ ಮುಚ್ಚಿದ್ದು ಅಂತ. ತಂಗಿಯ ಕಡೆ ನೋಡಿದ. ಅವಳು ಮೂಗು ಏರಿಸುತ್ತಾ ನೀರಿನ ಕಡೆ ತಿರುಗಿದ್ದಳು.

ಇಕ್ಕಳ ತೆಗೆದುಕೊಂಡು, ಟ್ಯಾಂಕಿಗೆ ಬೆನ್ನು ಅಡ್ಡ ಮಾಡಿ, ಬೇರೇನೋ ನೋಡುವವನಂತೆ ತಿರುಪು ಸಡಿಲಿಸಿದ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ರಬ್ಬರ್ ಪಂಪು ನಿಧಾನವಾಗಿ ಉಬ್ಬಿತು. ಅದನ್ನು ಮಾರುದೂರದಲ್ಲಿ ಕೂತಿದ್ದ ತಂಗಿಯ ಗಂಡನೂ ನೋಡಿದ.

"ಕಾರ್ಬೊರೇಟರ್ ತುಂಬಾ ಕಸ," ಎಂದ ಮೆಕ್ಯಾನಿಕ್ ಗಟ್ಟಿಯಾಗಿ. "ಅಲ್ವೇನೋ?"

ತಂಗಿಯ ಗಂಡ ಅಂಗೈ ಕಡೆ ನೋಡಿಕೊಂಡ. ಸ್ಕ್ರೂಗಳೆಲ್ಲ ಮತ್ತೆ ತಮ್ಮ ಜಾಗ ಸೇರಿ, ಎಣ್ಣೆಯ ಗುರುತಷ್ಟೇ ಉಳಿದಿತ್ತು. "ಹೌದು ಭಾವ," ಎಂದ. "ತುಂಬಾ ಇತ್ತು."

ಅಧಿಕಾರಿ ಬಂದರು. ದೋಣಿ ಆಚೆ ದಡ ಮುಟ್ಟಿ, ತಡವರಿಸದೆ ವಾಪಸು ಬಂತು. ಕಾಗದಕ್ಕೆ ಸಹಿ ಬಿತ್ತು. "ಅಣ್ಣ ಇಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತು ಹೇಳಿ," ಎಂದು ತಂಗಿ ಗಂಡನನ್ನೇ ಕೇಳಿದಳು. ಮೆಕ್ಯಾನಿಕ್ ಉಪಕರಣಗಳ ಪೆಟ್ಟಿಗೆ ಮುಚ್ಚಲು ಬಹಳ ಹೊತ್ತು ತೆಗೆದುಕೊಂಡ.

ಮೆಕ್ಯಾನಿಕ್ ತನ್ನ ಊರಿಗೆ ಹೋಗುವ ಬಸ್ ಹಿಡಿಯಬೇಕಿದ್ದದ್ದು ಆಚೆ ದಡದಲ್ಲಿ. "ಬನ್ನಿ ಭಾವ, ಬಿಟ್ಟು ಬರ್ತೀನಿ," ಎಂದ ತಂಗಿಯ ಗಂಡ. ಮೆಕ್ಯಾನಿಕ್ ಈ ಸಲ ಮುಂದಿನ ಹಲಗೆಯ ಮೇಲೆ, ಕಾಲು ಮಡಚಿಕೊಂಡು ಕೂತ. ದೋಣಿ ನಿಂತಾಗಲೆಲ್ಲ ಮುಚ್ಚಿಡುತ್ತಿದ್ದ ಆ ತಿರುಪನ್ನು ತಂಗಿಯ ಗಂಡ ಎರಡೇ ಬೆರಳಲ್ಲಿ ತೆರೆದ. ಗಾಳಿಯ ಸದ್ದು ನಿಲ್ಲುವವರೆಗೆ ಭಾವನನ್ನೇ ನೋಡುತ್ತಿದ್ದು, ಆಮೇಲೆ ಹಗ್ಗ ಎಳೆದ.